ಗೂಡಿನಲ್ಲಿ ಎರಡು ಹಿಡಿ ಅಕ್ಕಿ

ಮನೆಯಲ್ಲಿ ಯಾರ ಗಂಟಲಲ್ಲೂ ಅನ್ನ ಇಳಿಯುತ್ತಿಲ್ಲ. ಅಂಥದ್ದರಲ್ಲಿ ಈ ಅಜ್ಜಿ ಹಿತ್ತಲಲ್ಲಿ ಕೂತು ಬೇಸಿನ್ ತುಂಬ ಅವರೆಕಾಳು ಹಿತುಕುತ್ತಿದ್ದಾರಲ್ಲ, ಯಾರಿಗೆ?

ನಡುಮನೆಯ ಕಿಟಕಿಯಿಂದ ಅದನ್ನೇ ನೋಡುತ್ತಿದ್ದ ಕಾನ್‌ಸ್ಟೆಬಲ್ ಶಾಲಿನಿಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದಳು. ಬಾಗಿಲ ತನಕ ಹೋದಳು, ಬಂದಳು. ಪೆನ್ನಿನ ಕ್ಯಾಪು ತೆಗೆದಳು, ಹಾಕಿದಳು. ಗೋಡೆ ಗಡಿಯಾರ ಮೂರೂಕಾಲು ತೋರಿಸುತ್ತಿತ್ತು.

ಶನಿವಾರ ಬೆಳಿಗ್ಗೆ ಚೀಟಿ ಬರೆದಿಟ್ಟು ಈ ಮನೆಯಿಂದ ಹೊರಟ ಫಿನ್ಲೆಂಡಿನ ಹುಡುಗಿ ಐನೋ, ಮಂಗಳವಾರ ಮಧ್ಯಾಹ್ನವಾದರೂ ಪತ್ತೆಯಿರಲಿಲ್ಲ.

ಚೀಟಿ ಶಾಲಿನಿಯ ಜೇಬಿನಲ್ಲೇ ಇತ್ತು. ಎಷ್ಟು ಸಲ ಬಿಚ್ಚಿ ಓದಿದ್ದಳೋ, ಮಡಿಕೆ ಹರಿಯುವುದೊಂದು ಬಾಕಿ. ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ, ಒಂದೊಂದು ಅಕ್ಷರವನ್ನೂ ರಂಗೋಲಿ ಹಾಕಿದಂತೆ ದುಂಡಗೆ ಬರೆದಿತ್ತು: 'ಅಮ್ಮ, ಎರಡು ದಿನ ಗೆಳತಿ ಮನೆ. ಊಟ ಮಾಡುತ್ತೇನೆ. ಹೆದರಬೇಡಿ.' ಫೋನನ್ನು ಮೇಜಿನ ಡ್ರಾಯರಿನಲ್ಲೇ ಬಿಟ್ಟು ಹೋಗಿದ್ದಳು. ಹದಿನೇಳು ವರ್ಷದ ಹುಡುಗಿ ಫೋನು ಬಿಟ್ಟು ಎಲ್ಲಿಗಾದರೂ ಹೋಗುತ್ತಾಳೆಯೇ? ತನ್ನನ್ನು ಯಾರೂ ಹುಡುಕಬಾರದು ಅಂದುಕೊಂಡವಳು ಮಾತ್ರ ಹೋದಾಳು.

ನಡುಮನೆಯ ಸೋಫಾದಲ್ಲಿ ಮದನ್ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಮೈಸೂರಿನ ವಿದ್ಯಾರ್ಥಿ ವಿನಿಮಯ ಸಂಸ್ಥೆಯ ಕಡೆಯಿಂದ ಈ ಭಾಗದ ಮನೆಗಳನ್ನು ನೋಡಿಕೊಳ್ಳುವವನು ಅವನೇ. ಐನೋಳನ್ನು ಈ ಮನೆಗೆ ತಂದು ಬಿಟ್ಟವನೂ ಅವನೇ, ಈ ಮನೆಯ ಮಗಳು ರಮ್ಯಳನ್ನು ಫಿನ್ಲೆಂಡಿನಲ್ಲಿ ಇನ್ನೊಬ್ಬರ ಮನೆಗೆ ಕಳಿಸಿದವನೂ ಅವನೇ. ಇಸ್ತ್ರಿ ಮುರಿಯದ ಅಂಗಿ, ಮೆತ್ತಗಿನ ಮಾತು. ಶುಕ್ರವಾರದಿಂದ ಬೆಂಗಳೂರಿನಲ್ಲಿದ್ದನಂತೆ. ವಿಷಯ ತಿಳಿದು ಬೆಳಿಗ್ಗೆ ಎದ್ದವನೇ ಕಾರು ಹತ್ತಿ ನಂಜನಗೂಡಿಗೆ ಬಂದನಂತೆ. ಬಂದಾಗಿನಿಂದ ನಾಲ್ಕು ಲೋಟ ಕಾಫಿ ಕುಡಿದಿದ್ದ. ಶಾಲಿನಿಗೆ ಅದು ಯಾಕೋ ಲೆಕ್ಕಕ್ಕೆ ಸಿಕ್ಕಿತ್ತು.

ಈಗ ಅವನು ತಾನು ಟೈಪ್ ಮಾಡಿದ ಪ್ರಕಟಣೆಯನ್ನು ಗಟ್ಟಿಯಾಗಿ ಓದಿ ಹೇಳಿದ. ಹೆಸರು, ವಯಸ್ಸು, ಎತ್ತರ, ಕೂದಲ ಬಣ್ಣ. ಗುಲಾಬಿ ಚೂಡಿದಾರ, ಕಪ್ಪು ಬ್ಯಾಗು, ಕೈಯಲ್ಲಿ ಹಸಿರು ಬಟ್ಟೆಯ ಗಂಟು. ಕೊನೆಯ ಸಾಲಿಗೆ ಬಂದಾಗ ಧ್ವನಿ ತಗ್ಗಿಸಿದ: 'ಸ್ವಇಚ್ಛೆಯಿಂದ ಮನೆ ಬಿಟ್ಟು ಹೋಗಿರುತ್ತಾಳೆ.'

ಐದು ಗಂಟೆಗೆ ಇದು ಐನೋಳ ಅಪ್ಪ ಅಮ್ಮನಿಗೂ ಅಲ್ಲಿನ ಕಚೇರಿಗೂ ಹೋಗುತ್ತದೆ, ಮನೆಯವರ ಸಹಿಯೊಂದು ಬೇಕು, ಅಂದ.

ಆ ಒಂದು ಸಾಲು ಸಾಕು. ತಾನಾಗಿ ಹೋದವಳು ತಾನಾಗಿ ಬರುತ್ತಾಳೆ ಅಂತ ನಾಳೆಯಿಂದ ಹುಡುಕುವ ಕೈಗಳು ಒಂದೊಂದಾಗಿ ಕಮ್ಮಿಯಾಗುತ್ತವೆ. ಅಷ್ಟರಲ್ಲಿ ಆ ಹುಡುಗಿ ಎಲ್ಲಿ, ಯಾರ ಕೈಯಲ್ಲಿ?

ಆಗಸ್ಟಿನಲ್ಲಿ ವಿದೇಶಿಯರ ಫಾರಂ ಹಿಡಿದು ಇದೇ ಮನೆಗೆ ಬಂದು, ಎಲ್ಲ ಸರಿಯಿದೆ ಅಂತ ಬರೆದುಕೊಂಡು ಹೋದವಳು ಶಾಲಿನಿಯೇ. ಅವತ್ತು ಐನೋ ಅವಳನ್ನು 'ಪೊಲೀಸ್ ಅಕ್ಕ' ಅಂತ ಕರೆದು, ತನಗೆ ಬಂದಿದ್ದ ಐದೇ ಐದು ಕನ್ನಡ ಮಾತನ್ನು ಸಾಲಾಗಿ ಹೇಳಿ ನಕ್ಕಿದ್ದಳು.

ಐದಕ್ಕೆ ಇನ್ನು ಒಂದೂಮುಕ್ಕಾಲು ಗಂಟೆ.

ಇನ್ನೊಂದು ಸಲ ಮನೆ ನೋಡುತ್ತೇನೆ ಅಂತ ಹೇಳಿ ಶಾಲಿನಿ ಒಳಕ್ಕೆ ನುಗ್ಗಿದಳು. ಐನೋಳ ಕೋಣೆ ನೋಡಿ ಆಗಿತ್ತು. ಅಟ್ಟ ನೋಡಿ ಆಗಿತ್ತು. ಉಳಿದದ್ದು ಅಜ್ಜಿ ಚನ್ನಾಜಮ್ಮನ ಕೋಣೆಯೊಂದೇ. ನಿನ್ನೆ ರಾತ್ರಿ ದೂರು ಬರೆದುಕೊಳ್ಳುವಾಗ ಅಜ್ಜಿ ಹೇಳಿದ್ದು ಒಂದೇ ಮಾತು. ತಾನು ಲಿಂಗಪೂಜೆಗೆ ಕೂತಿದ್ದೆ, ಪೂಜೆಗೆ ಕೂತರೆ ತಿರುಗಿ ನೋಡುವುದಿಲ್ಲ, ಎದ್ದು ಬರುವಷ್ಟರಲ್ಲಿ ಹುಡುಗಿ ಹೋಗಿದ್ದಳು. ಮನೆಯಲ್ಲಿ ಆ ಹೊತ್ತಿಗೆ ಇನ್ಯಾರೂ ಇರಲಿಲ್ಲ. ಯಜಮಾನರು ಪುಟ್ಟಬಸವಯ್ಯ ತೋಟಕ್ಕೆ, ಮಗ ಬಸವಪ್ರಸಾದ್ ತನ್ನ ಪೇಂಟ್ ಅಂಗಡಿಗೆ, ಸೊಸೆ ಶ್ವೇತ ಪಾಠ ಮಾಡುವ ಸ್ಕೂಲಿಗೆ. ಅಪ್ಪ ಮಗ ಇಬ್ಬರೂ ಇವತ್ತು ಬೆಳಿಗ್ಗೆಯಿಂದ ಸುತ್ತೂರು, ಬಿಳಿಗೆರೆ ಅಂತ ಐನೋಳ ಸಹಪಾಠಿಗಳ ಮನೆ ಬಾಗಿಲು ಬಡಿಯುತ್ತಿದ್ದರು.

ಅಜ್ಜಿಯ ಕೋಣೆಯ ಗೋಡೆಗೆ ಒಂದು ಗೂಡು, ಗೂಡಿಗೊಂದು ಪರದೆ. ಶಾಲಿನಿ ಪರದೆ ಸರಿಸಿದಳು.

ವಿಭೂತಿ ಗಟ್ಟಿ, ಆರಿದ ದೀಪ. ಪಕ್ಕದಲ್ಲಿ ಬಾಳೆ ಎಲೆಯ ತುಂಡು. ಅದರ ಮೇಲೆ ಅಕ್ಕಿ.

ಸುಮ್ಮನೆ ಚೆಲ್ಲಿದ ಅಕ್ಕಿಯಲ್ಲ. ಇಲ್ಲೊಂದು ಹಿಡಿ, ಅಲ್ಲೊಂದು ಹಿಡಿ. ಒಂದಕ್ಕೊಂದು ತಾಗದಂತೆ ನಡುವೆ ಒಂದು ಬೆರಳಷ್ಟು ಜಾಗ. ಎಲೆ ಬಾಡಿ, ಅಂಚು ಕಂದು ಹಿಡಿದಿತ್ತು. ಇವತ್ತು ನಿನ್ನೆ ಕೊಯ್ದ ಎಲೆಯಲ್ಲ ಅದು. ದಿನಾ ಪೂಜೆ ಮಾಡುವ ಗೂಡಿನಲ್ಲಿ ಬಾಡಿದ ಎಲೆಯನ್ನು ಎತ್ತದೆ ಬಿಟ್ಟಿದ್ದಾರೆಂದರೆ, ಎತ್ತಬಾರದು ಅಂತಲೇ ಬಿಟ್ಟಿರಬೇಕು.

ಶಾಲಿನಿ ಪರದೆ ಎಳೆದು ಅಡುಗೆಮನೆಗೆ ಬಂದಳು. ಶ್ವೇತ ಒಲೆಯ ಮುಂದೆ ನಿಂತು ಹಾಲು ಉಕ್ಕುವುದನ್ನೂ ಗಮನಿಸದೆ ಗೋಡೆ ನೋಡುತ್ತಿದ್ದಳು. ಶಾಲಿನಿಯೇ ಒಲೆ ಆರಿಸಿದಳು. ಬೇರೇನೋ ಮಾತಾಡಿದಂತೆ ಮಾಡಿ, ರಮ್ಯ ಫಿನ್ಲೆಂಡಿಗೆ ಹೊರಟ ದಿನ ಈ ಮನೆಯಲ್ಲಿ ಏನೇನು ಶಾಸ್ತ್ರ ಮಾಡಿದಿರಿ ಅಂತ ಕೇಳಿದಳು.

ಶ್ವೇತಳಿಗೆ ಅಳುವಿನ ನಡುವೆಯೂ ಸಣ್ಣ ನಗು ಬಂತು. ಶಾಸ್ತ್ರ ಮಾಡಿದ್ದೆಲ್ಲ ಅತ್ತೆಯೇ. ಕಾರು ಬಾಗಿಲಲ್ಲಿ ನಿಂತಿದೆ, ವಿಮಾನಕ್ಕೆ ಹೊತ್ತಾಗುತ್ತಿದೆ, ಅತ್ತೆ ಮಾತ್ರ ಮೊಮ್ಮಗಳನ್ನು ಮಣೆಯ ಮೇಲೆ ಕೂರಿಸಿ ಮಡಿಲಕ್ಕಿ ತುಂಬುತ್ತಿದ್ದರು. ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆ ಅಡಿಕೆ, ರವಿಕೆ ಕಣ. ಮದುವೆಯಾಗದ ಹುಡುಗಿಗೆ ಎಲ್ಲಿಯಾದರೂ ಮಡಿಲು ತುಂಬುತ್ತಾರಾ ಅಂತ ಬೀದಿಯವರು ನಕ್ಕರೂ ಚನ್ನಾಜಮ್ಮ ಕೇಳುವವರಲ್ಲ. ಹೆಣ್ಣು ಮಗು ಈ ಮನೆಯಿಂದ ಬರಿಮಡಿಲಲ್ಲಿ ಹೊಸಿಲು ದಾಟಬಾರದು, ಅಷ್ಟೇ. ದಾಟುವ ಮುಂಚೆ ಮಗು ತನ್ನ ಮಡಿಲಿನಿಂದ ಒಂದು ಹಿಡಿ ಅಕ್ಕಿಯನ್ನು ಮನೆಗೆ ವಾಪಸು ಕೊಡಬೇಕು. ಆ ಹಿಡಿಯನ್ನು ಅತ್ತೆ ತಮ್ಮ ಗೂಡಿನಲ್ಲಿ ಇಡುತ್ತಾರೆ. ಹೋದವಳು ಕ್ಷೇಮವಾಗಿ ಮುಟ್ಟಿದಳು ಅಂತ ಸುದ್ದಿ ಬಂದಮೇಲೆ ಅಕ್ಕಿ ಡಬ್ಬಕ್ಕೆ ಸೇರಿಸುತ್ತಾರೆ. ರಮ್ಯ ವಿಮಾನ ಇಳಿದು ಫೋನು ಮಾಡಿದ ಕೂಡಲೇ ಸೇರಿಸಿದ್ದರು.

"ಅಲ್ಲಿ ನನ್ನ ಮಗಳು ಯಾರದೋ ಮನೇಲಿದಾಳೆ ಶಾಲಿನಿ," ಅಂದಳು ಶ್ವೇತ. "ಅವರ ಊರಿನ ಮಗೂನ ನಾವೇ ಕಳ್ಕೊಂಡು, ನಮ್ಮ ಮಗೂನ ಚೆನ್ನಾಗಿ ನೋಡ್ಕೊಳ್ಳಿ ಅಂತ ಯಾವ ಬಾಯಲ್ಲಿ ಕೇಳ್ಲಿ?"

ಮಗಳ ಜೊತೆ ಮಾತಾಡಿದಿರಾ ಅಂದರೆ, ಈಗ ಎರಡು ವಾರದಿಂದ ನೆಟ್‌ವರ್ಕ್ ಸರಿಯಿಲ್ಲವಂತೆ, ಮುಖ ಕಾಣುವುದಿಲ್ಲ, ಬರೀ ಧ್ವನಿ. ಮದನ್ ಸಾರ್ ಭಾನುವಾರ ಮಾತಾಡಿದರಂತೆ, ಹಿಮದಲ್ಲಿ ಆಡುತ್ತಿದ್ದಳಂತೆ. ಅದೊಂದೇ ಸಮಾಧಾನ.

ಶಾಲಿನಿ ಅರ್ಧ ಕೇಳಿಸಿಕೊಂಡಳು, ಅರ್ಧ ಬಿಟ್ಟಳು. ಅವಳ ತಲೆಯಲ್ಲಿ ಆಗಲೇ ಅಕ್ಕಿ ಕುದಿಯುತ್ತಿತ್ತು.

ಹಿತ್ತಲಿನಲ್ಲಿ ನುಗ್ಗೆ ಮರದ ನೆರಳಿಗೆ ಕೂತಿದ್ದರು ಚನ್ನಾಜಮ್ಮ. ಎಪ್ಪತ್ತೆರಡು ವರ್ಷ, ಹಣೆ ತುಂಬ ವಿಭೂತಿ. ನೆನೆದ ಅವರೆಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಚಂಗನೆ ಬೇಸಿನ್ನಿಗೆ ಬೀಳುತ್ತಿತ್ತು. ಮಷೀನಿನ ಹಾಗೆ ಕೈ ಓಡುತ್ತಿತ್ತು. ಕಣ್ಣು ಮಾತ್ರ ಹಿಂಬಾಗಿಲ ಗೇಟಿನ ಮೇಲೆ.

ಶಾಲಿನಿ ಕುಕ್ಕರಗಾಲಲ್ಲಿ ಎದುರಿಗೆ ಕೂತಳು. ತಾನೂ ಒಂದು ಹಿಡಿ ಕಾಳು ಎತ್ತಿಕೊಂಡಳು.

"ಇಷ್ಟೊಂದು ಯಾರಿಗಜ್ಜಿ? ಮನೇಲಿ ಯಾರೂ ತುತ್ತು ಎತ್ತಿಲ್ವಂತೆ."

"ಐನಮ್ಮಂಗೆ ಇದಂದ್ರೆ ಪ್ರಾಣ ಕಣವ್ವ. ಮುದ್ದೆ ಮುರಿಯಕ್ಕೆ ಬರ್ದಿದ್ರೂ ಸಾರು ಸುರ್ಕೊಂಡು ತಿಂತದೆ. ಬಂದಾಗ ಇಲ್ಲ ಅನ್ಬಾರ್ದು."

ಐನೋ ಅಜ್ಜಿಯ ಬಾಯಲ್ಲಿ ಮೊದಲ ದಿನದಿಂದಲೂ ಐನಮ್ಮನೇ.

"ಬಂದಾಗ ಅಂತೀರಿ. ಬತ್ತಾಳೆ ಅಂತ ಯಾರೇಳಿದ್ರು ನಿಮ್ಗೆ?"

ಅಜ್ಜಿಯ ಕೈ ಇನ್ನೂ ಜೋರಾಯಿತು.

ಶಾಲಿನಿಗೆ ಕಾಲು ಜೋಮು ಹಿಡಿಯಿತು. ಎದ್ದಳು, ನುಗ್ಗೆ ಮರಕ್ಕೆ ಒಂದು ಸುತ್ತು ಹಾಕಿದಳು, ಮತ್ತೆ ಬಂದು ಕೂತಳು. ಗದರಿಸಿದರೆ ಈ ಜೀವ ಬಾಯಿ ಬಿಡುವುದಿಲ್ಲ. ಸೊಸೆ ಅತ್ತರೂ ಬಿಡಲಿಲ್ಲ, ಗಂಡ ಕೇಳಿದರೂ ಬಿಡಲಿಲ್ಲ. ಇಷ್ಟು ಗಟ್ಟಿಯಾಗಿ ಬಾಯಿ ಮುಚ್ಚಿಸುವುದು ಈ ಮನೆಯಲ್ಲಿ ಒಂದೇ ಒಂದು.

"ಆಣೆ ಮಾಡಿದ್ದೀರಾ ಅಜ್ಜಿ?"

"ಲಿಂಗ ಮುಟ್ಟಿ ಮಾಡಿವ್ನಿ," ಅಂದರು ಚನ್ನಾಜಮ್ಮ. ಕುತ್ತಿಗೆಯಲ್ಲಿದ್ದ, ಲಿಂಗವಿಟ್ಟ ಬೆಳ್ಳಿಯ ಕರಡಿಗೆಯನ್ನು ಸೆರಗಿನೊಳಗೆ ಒತ್ತಿಕೊಂಡರು. "ನನ್ನ ಬಾಯಿಂದ ಒಂದು ಮಾತೂ ಆಚೆ ಬರಕಿಲ್ಲ. ಕೇಳ್ಬ್ಯಾಡ ಮಗ."

"ಕೇಳಲ್ಲ. ನಾನೇ ಏಳ್ತೀನಿ, ನೀವು ಬಾಯಿ ಬುಡಬ್ಯಾಡಿ. ನಾನೇಳಿದ್ದು ಸರಿಯಿದ್ರೆ ನಿಮ್ಮ ಪಾಡಿಗೆ ನೀವು ಹಿತುಕ್ತಾ ಇರಿ. ತಪ್ಪಿದ್ರೆ ಕೈ ನಿಲ್ಸಿ. ಅದಕ್ಕೇನೂ ಆಣೆ ಇಲ್ವಲ್ಲ."

ಚನ್ನಾಜಮ್ಮ ಮುಖ ಎತ್ತಿ ನೋಡಿದರು. ಇವಳು ಸಾಮಾನ್ಯದವಳಲ್ಲ ಅನ್ನುವ ನೋಟ ಅದು. ಮತ್ತೆ ಬೇಸಿನ್ನಿಗೆ ಬಗ್ಗಿದರು.

"ಶನಿವಾರ ನೀವು ಪೂಜೇಲಿರಲಿಲ್ಲ."

ಒಂದು ಬೇಳೆ ಬಿತ್ತು.

"ಐನೋ ಓಗೋದು ನಿಮ್ಗೆ ಮೊದ್ಲೇ ಗೊತ್ತಿತ್ತು. ಮಣೆ ಮೇಲೆ ಕೂರ್ಸಿ ಮಡ್ಲಕ್ಕಿ ತುಂಬಿದ್ರಿ."

ಬೇಳೆ ಬಿತ್ತು. ಹಿಂದೆಯೇ ಇನ್ನೊಂದು.

"ಎರಡು ದಿನಕ್ಕೆ ಬತ್ತೀನಿ ಅಂದಿದ್ಲು. ಬರಲಿಲ್ಲ. ಅದಕ್ಕೇ ಆ ಅಕ್ಕಿ ಇನ್ನೂ ಡಬ್ಬಕ್ಕೆ ಓಗಿಲ್ಲ."

ಬೇಳೆ ಬೀಳುತ್ತಲೇ ಇತ್ತು. ಅಜ್ಜಿಯ ಕೆನ್ನೆಯ ಸುಕ್ಕಿನಲ್ಲಿ ನೀರು ದಾರಿ ಮಾಡಿಕೊಂಡು ಇಳಿಯಿತು. ಒರೆಸಿಕೊಳ್ಳಲು ಕೈ ಎತ್ತಲಿಲ್ಲ. ಎತ್ತಿದರೆ ಕೈ ನಿಂತಂತಾಗುತ್ತದಲ್ಲ.

ಶಾಲಿನಿ ಇನ್ನೊಂದು ಕಾಳು ಎತ್ತಿಕೊಂಡಳು. ಕಣ್ಣ ಮುಂದೆ ಗೂಡು ಬಂತು. ಬಾಡಿದ ಎಲೆ, ಅದರ ಮೇಲೆ ಇಲ್ಲೊಂದು ಹಿಡಿ, ಅಲ್ಲೊಂದು ಹಿಡಿ. ನಡುವೆ ಬೆರಳಷ್ಟು ಜಾಗ.

ಹೊಸಿಲು ದಾಟುವ ಒಂದೊಂದು ಮಗುವಿಗೆ ಒಂದೊಂದು ಹಿಡಿ.

"ಅವತ್ತು ನೀವು ತುಂಬಿದ್ದು ಒಬ್ಬಳ ಮಡ್ಲಲ್ಲ," ಅಂದಳು. ತನ್ನ ಧ್ವನಿ ತನಗೇ ಬೇರೆ ಥರ ಕೇಳಿಸಿತು. "ಐನೋನ ಕರ್ಕೊಂಡೋಗಕ್ಕೆ ಹಿಂಬಾಗಿಲಿಂದ ಒಬ್ಳು ಬಂದಿದ್ಲು. ಅವಳಿಗೂ ತುಂಬಿದ್ರಿ. ಆಣೆ ತಕ್ಕಂಡವಳೂ ಅವಳೇ."

ಬೇಳೆ ಬಿತ್ತು.

ಪರರ ಮನೆ ಹುಡುಗಿಗೆ ಅಜ್ಜಿ ಯಾಕೆ ಮಡಿಲು ತುಂಬುತ್ತಾರೆ? ಲಿಂಗ ಮುಟ್ಟಿ ಆಣೆ ಯಾರಿಗೆ ಕೊಡುತ್ತಾರೆ? ಎರಡು ವಾರದಿಂದ ಮುಖ ಕಾಣುತ್ತಿಲ್ಲ, ಬರೀ ಧ್ವನಿ.

ಶಾಲಿನಿ ಅಜ್ಜಿಯ ಕಿವಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೆಸರು ಹೇಳಿದಳು.

"ರಮ್ಯ."

ಚನ್ನಾಜಮ್ಮ ಕಣ್ಣು ಮುಚ್ಚಿಕೊಂಡರು. ಬೆರಳ ನಡುವೆ ಸಿಪ್ಪೆ ಜಾರಿತು, ಬೇಳೆ ಬಿತ್ತು.

ಅಷ್ಟರಲ್ಲಿ ಹಿಂಬಾಗಿಲಿಗೆ ಶ್ವೇತ ಓಡಿ ಬಂದಳು. ಕೈಯಲ್ಲಿ ಫೋನು, ಮುಖದಲ್ಲಿ ಮೂರು ದಿನದಲ್ಲಿ ಮೊದಲ ಸಲ ಒಂದಿಷ್ಟು ಬೆಳಕು. ರಮ್ಯ ಫಿನ್ಲೆಂಡಿನಿಂದ ಲೈನಿನಲ್ಲಿದ್ದಾಳೆ, ಇವಳಿಗೆ ಐನೋಳ ವಿಷಯ ಹೇಗೆ ಹೇಳಲಿ ಗೊತ್ತಾಗುತ್ತಿಲ್ಲ, ನೀನೇ ಹೇಳುತ್ತೀಯಾ ಅಂತ ಕೇಳಿದಳು. ಒಳಗಿನಿಂದ ಮದನ್, ಮೇಡಂ ಒಂದು ಸಹಿ ಅಂತ ಕರೆದ. ಶ್ವೇತ ಫೋನನ್ನು ಶಾಲಿನಿಯ ಕೈಗಿಟ್ಟು ಒಳಗೆ ಹೋದಳು.

ಶಾಲಿನಿ ಫೋನು ಕಿವಿಗಿಟ್ಟುಕೊಂಡು ನುಗ್ಗೆ ಮರದ ಹಿಂದಕ್ಕೆ ನಡೆದಳು.

"ರಮ್ಯ, ನಾನು ಟೌನ್ ಸ್ಟೇಷನ್ ಶಾಲಿನಿ. ಅಮ್ಮ ಪಕ್ಕದಲ್ಲಿಲ್ಲ. ಅಜ್ಜಿ ಬಾಯಿ ಬಿಟ್ಟಿಲ್ಲ. ಆದ್ರೆ ಗೂಡಲ್ಲಿ ಎರಡು ಹಿಡಿ ಅಕ್ಕಿ ಇದೆ."

ಆ ಕಡೆ, ಫೋನಿನ ಹತ್ತಿರದಲ್ಲೇ, ಹಸುವೊಂದು ಅಂಬಾ ಅಂದಿತು. ಫಿನ್ಲೆಂಡಿನ ಹಿಮದಲ್ಲಿ ಹಸುಗಳು ಹೊರಗೆ ನಿಲ್ಲುವುದಿಲ್ಲ ಅನ್ನುವಷ್ಟು ಶಾಲಿನಿಗೂ ಗೊತ್ತಿತ್ತು.

"ಅಪ್ಪಂಗೆ ಗೊತ್ತಾಯ್ತಾ ಅಕ್ಕ?" ಕೊನೆಗೂ ಹುಡುಗಿಯ ಧ್ವನಿ ಬಂತು, ತೀರಾ ಸಣ್ಣದಾಗಿ.

"ಇಲ್ಲ. ಎಲ್ಲಿದ್ದೀಯ?"

ಸೋಸಲೆಯಲ್ಲಿದ್ದಳು. ಅಜ್ಜಿಯ ಹಳೇ ಗೆಳತಿ ಮುದ್ದಮ್ಮನ ಮನೆಯಲ್ಲಿ. ಶಾಲಿನಿ ಹುಟ್ಟಿ ಬೆಳೆದ ಊರು ಅದು. ಮುದ್ದಮ್ಮನ ಮನೆ ಅವಳ ತವರಿನಿಂದ ಮೂರನೇ ಬಾಗಿಲು. ಊರೆಲ್ಲ ಹುಡುಕಿ ಬಂದವಳಿಗೆ ತನ್ನ ಬೀದಿಯೇ ಕಾಣಲಿಲ್ಲವಲ್ಲ ಅಂತ ಶಾಲಿನಿ ತುಟಿ ಕಚ್ಚಿದಳು.

ಉಳಿದದ್ದನ್ನೆಲ್ಲ ರಮ್ಯ ಒಂದೇ ಉಸಿರಿಗೆ ಹೇಳಿದಳು. ಫಿನ್ಲೆಂಡಿನಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲು, ಮನೆಯಲ್ಲಿ ಯಾರೂ ಯಾರೊಂದಿಗೂ ಮಾತಾಡುವುದಿಲ್ಲ, ಆಗಲಿಲ್ಲ, ಬಿಟ್ಟು ಬಂದುಬಿಟ್ಟೆ. ಬಂದು ಹದಿನೈದು ದಿನವಾಯಿತು. ಅಪ್ಪ ಬಸ್‌ಸ್ಟ್ಯಾಂಡಿನಲ್ಲಿ ತನ್ನ ಫೋಟೋ ಹಾಕಿಸಿ ಫ್ಲೆಕ್ಸ್ ಕಟ್ಟಿಸಿದ್ದರು, ಆ ಫ್ಲೆಕ್ಸ್ ಇನ್ನೂ ಇದೆ, ಅದರ ಕೆಳಗೆ ನಡೆದುಕೊಂಡು ಮನೆಗೆ ಹೇಗೆ ಹೋಗಲಿ? ಮೊದಲು ಐನೋಗೆ ಮಾತ್ರ ಹೇಳಿದ್ದೆ. ಅವಳೇ, ಎರಡು ದಿನ ನಾನು ಬಂದು ಜೊತೆಗಿರುತ್ತೇನೆ, ಆಮೇಲೆ ಇಬ್ಬರೂ ಸೇರಿ ಮನೆಗೆ ಹೋಗೋಣ ಅಂದಳು. ಫೋನು ತಂದರೆ ಅಪ್ಪ ಕರೆ ಮಾಡುತ್ತಲೇ ಇರುತ್ತಾರೆ, ಸುಳ್ಳು ಹೇಳಲು ತನಗೆ ಬರುವುದಿಲ್ಲ ಅಂತ ಫೋನನ್ನೂ ಬಿಟ್ಟು ಬಂದಳು. ಸೋಮವಾರ ಹೊರಡುವ ಹೊತ್ತಿಗೆ ನನಗೆ ಧೈರ್ಯ ಸಾಲಲಿಲ್ಲ. ಸರಿ, ಮೊದಲು ನಾನು ಹೋಗಿ ಅಮ್ಮನಿಗೆ ಹೇಳುತ್ತೇನೆ ಅಂತ ಅವಳೊಬ್ಬಳೇ ಹೊರಟಳು.

"ನಿನ್ನೆಯಿಂದ ಕಾಯ್ತಾ ಇದ್ದೀನಿ ಅಕ್ಕ. ಯಾರೂ ಫೋನ್ ಮಾಡ್ಲಿಲ್ಲ. ಅಪ್ಪ ಕೋಪ ಮಾಡ್ಕೊಂಡಿದ್ದಾರೆ ಅಂದ್ಕೊಂಡೆ. ಐನೋಗೆ ಕೊಡ್ತೀರಾ ಸ್ವಲ್ಪ?"

ಶಾಲಿನಿಯ ಕಾಲು ನಡೆಯುವುದನ್ನು ಮರೆಯಿತು.

"ರಮ್ಯ, ಐನೋ ಇಲ್ಲಿಗೆ ಬಂದಿಲ್ಲ."

"ಬಂದಿಲ್ಲ ಅಂದ್ರೆ?" ಧ್ವನಿ ಒಡೆಯಿತು. "ಟಿ. ನರಸೀಪುರ ಸ್ಟ್ಯಾಂಡಲ್ಲಿ ಹತ್ತೂವರೆ ಬಸ್ಸಿಗೆ ನಾನೇ ಹತ್ತಿಸಿದ್ನಲ್ಲ ಅಕ್ಕ. ಕಿಟಕಿ ಪಕ್ಕ ಸೀಟು ಸಿಕ್ತು. ಅಜ್ಜಿ ಕೊಟ್ಟ ಗಂಟು ಅಷ್ಟು ದಿನ ಬ್ಯಾಗೊಳಗೇ ಇತ್ತು, ಬೀದಿಯವರು ನೋಡಬಾರ್ದು ಅಂತ ಅಜ್ಜೀನೇ ತಳಕ್ಕೆ ಇಟ್ಟಿದ್ರು. ನಿನ್ನೆ ಬ್ಯಾಗಿನ ಜಿಪ್ ಕಿತ್ತೋಯ್ತು. ಅದಕ್ಕೆ ಆಚೆ ತೆಗೆದು ಕೈಯಲ್ಲೇ ಹಿಡ್ಕೊಂಡಿದ್ಲು. ಹಸಿರು ಗಂಟು. ಅದನ್ನೇ ಎತ್ತಿ ಟಾಟಾ ಮಾಡಿದ್ಲು."

ಹಸಿರು ಗಂಟು.

ಎಲ್ಲೋ ಕೇಳಿದ ಮಾತು. ಇವತ್ತೇ ಕೇಳಿದ ಮಾತು.

"ಅಲ್ಲಿನ ಮನೆಯವರು ನೀನು ಬಂದಿದ್ದನ್ನ ಯಾರಿಗೂ ತಿಳಿಸಲಿಲ್ವಾ?" ಶಾಲಿನಿ ಕೇಳಿದಳು. ಕೇಳುವಾಗಲೇ ಉತ್ತರ ಗೊತ್ತಿತ್ತು.

ಅವತ್ತೇ ಮೈಸೂರಿನ ಸಂಸ್ಥೆಗೆ ಬರೆದಿದ್ದರಂತೆ. ಸಂಸ್ಥೆಯಿಂದ ಅಪ್ಪನಿಗೆ ಇವತ್ತು ಫೋನು ಬರುತ್ತದೆ, ನಾಳೆ ಬರುತ್ತದೆ ಅಂತ ರಮ್ಯ ದಿನಾ ಹೆದರಿಕೊಂಡೇ ಇದ್ದಳಂತೆ. ಯಾಕೋ ಬರಲೇ ಇಲ್ಲ.

ಫೋನಿನಲ್ಲಿ ರಮ್ಯ ಅಳುತ್ತಿದ್ದಳು. ಅಲ್ಲೇ ಇರು, ಮುದ್ದಮ್ಮನ ಮನೆ ಬಿಟ್ಟು ಕದಲಬೇಡ ಅಂತ ಹೇಳಿ ಶಾಲಿನಿ ಮರದ ಹಿಂದಿನಿಂದ ಈಚೆ ಬಂದಳು.

ನಡುಮನೆಯ ಕಿಟಕಿ ತೆರೆದೇ ಇತ್ತು. ಸಹಿ ಹಾಕುವ ಮುಂಚೆ ಇನ್ನೊಮ್ಮೆ ಕೇಳಿಸುತ್ತೇನೆ ಅಂತ ಮದನ್ ಶ್ವೇತಳಿಗೆ ಓದಿ ಹೇಳುತ್ತಿದ್ದ. ಅದೇ ಮೆತ್ತಗಿನ ಧ್ವನಿ. ಒಂದೊಂದು ಅಕ್ಷರವೂ ಹಿತ್ತಲಿಗೆ ಸ್ಪಷ್ಟವಾಗಿ ಬಂತು.

"ಗುಲಾಬಿ ಚೂಡಿದಾರ. ಕಪ್ಪು ಬ್ಯಾಗು. ಕೈಯಲ್ಲಿ ಹಸಿರು ಬಟ್ಟೆಯ ಗಂಟು."

ನಿನ್ನೆಯವರೆಗೆ ಬ್ಯಾಗಿನ ತಳದಲ್ಲಿದ್ದ ಗಂಟು, ಶುಕ್ರವಾರದಿಂದ ಬೆಂಗಳೂರಿನಲ್ಲಿದ್ದವನಿಗೆ ಹೇಗೆ ಕಂಡಿತು? ಶಾಲಿನಿ ಚನ್ನಾಜಮ್ಮನ ಕಡೆ ತಿರುಗಿದಳು.

ಅಷ್ಟು ಹೊತ್ತೂ ಓಡುತ್ತಿದ್ದ ಅಜ್ಜಿಯ ಕೈ, ಬೇಸಿನ್ನಿನ ಮೇಲೆ, ಬೆರಳ ನಡುವೆ ಒಂದು ಅವರೆಕಾಳು ಹಿಡಿದಂತೆಯೇ ನಿಂತಿತ್ತು.